ಪರೀಕ್ಷೆ ಯಾರಿಗೆ?

ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪರೀಕ್ಷೆ ಕೊಡುತ್ತ ಬಂದವಳು ನಾನು. ನನಗೇ ಪರೀಕ್ಷೆ ಬಂದದ್ದು ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಬೇಕು ಎಂದು ನಿಶ್ಚಯವಾದಾಗ. ದಸರಾ ರಜೆಯಲ್ಲಿ ಮುಗಿಸಿಕೊಂಡರೆ ಶಾಲೆಗೂ ತೊಂದರೆಯಿಲ್ಲ, ಮನೆಗೂ ಇಲ್ಲ ಎಂದು ಲೆಕ್ಕ ಹಾಕಿದ್ದೆ.

ಮೊದಲು ರಕ್ತ, ಇಸಿಜಿ ಎಲ್ಲ ಆಗಬೇಕು ಎಂದಾಗ ಸಿಟ್ಟೇ ಬಂತು. ಹಿಂದಿನ ವರ್ಷ ಆಯಿಯ ಕಣ್ಣಿನ ಪೊರೆ ತೆಗೆಸುವಾಗ ಒಂದು ಕಡೆ ಇಂಥದೇ ಉದ್ದದ ಪಟ್ಟಿ ಕೊಟ್ಟಿದ್ದರು. ಎರಡು ದಿನ ಅವಳನ್ನು ಕಟ್ಟಿಕೊಂಡು ಅಲೆದೆ. ವರದಿಗಳ ಲಕೋಟೆಯನ್ನು ಯಾರೂ ಬಿಚ್ಚಿ ನೋಡಿದ್ದು ಕಾಣಲಿಲ್ಲ. “ಇಷ್ಟು ಸಣ್ಣ ಕೆಲ್ಸಕ್ಕೆ ಇಷ್ಟೆಲ್ಲ ಎಂತಕ್ಕೆ ತಂಗೀ?” ಎಂದು ಆಯಿ ಕೇಳಿದಳು.

ಅವಳ ಪ್ರಶ್ನೆ ತಪ್ಪಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಪೊರೆ ತೆಗೆಯುವ ಮುನ್ನ ಒಂದು ಗುಂಪಿಗೆ ವಾಡಿಕೆಯ ಪರೀಕ್ಷೆಗಳನ್ನೆಲ್ಲ ಮಾಡಿದರು. ಇನ್ನೊಂದು ಗುಂಪಿಗೆ ಏನಾದರೂ ಲಕ್ಷಣ ಕಂಡರೆ ಮಾತ್ರ. ತೊಂದರೆಗಳ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು.

ಆದರೆ ನನ್ನ ಕಥೆ ಬೇರೆಯಾಯಿತು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 7.4 ಇತ್ತು. ಡಾಕ್ಟರು ಕಾಗದ ಕೆಳಗಿಟ್ಟು ಕೇಳಿದರು: “ಅಕ್ಕೋರೇ, ತಿಂಗಳಿನದು ಹೆಚ್ಚು ಹೋಗ್ತಿತ್ತಾ? ಮೆಟ್ಟಿಲು ಹತ್ತುವಾಗ ದಮ್ಮು ಬರ್ತಿತ್ತಾ?” ಎರಡೂ ಹೌದು, ಎರಡು ವರ್ಷದಿಂದ ಹೌದು. ಮೊದಲ ದಿನ ಅವರು ‘ಬೇರೆ ಏನಾದರೂ ತೊಂದರೆ?’ ಎಂದು ಕೇಳಿದ್ದರು. ಪಕ್ಕದಲ್ಲಿ ಮೈದುನ ಕೂತಿದ್ದ. ‘ಎಂತದೂ ಇಲ್ಲ’ ಎಂದಿದ್ದೆ. ಮಕ್ಕಳಿಗೆ ಸತ್ಯದ ಪಾಠ ಹೇಳುವವಳು ನಾನು!

ಆಪರೇಷನ್ ಮುಂದೆ ಹೋಯಿತು. ರಕ್ತಸ್ರಾವಕ್ಕೆ ಔಷಧಿ, ನರದ ಮೂಲಕ ಕಬ್ಬಿಣಾಂಶ, ಎರಡು ತಿಂಗಳ ಕಾಯುವಿಕೆ. ಕಲ್ಲು ಆಗ ನೋಯುತ್ತಿರಲಿಲ್ಲವಾದ್ದರಿಂದ ಕಾಯಲು ಸಾಧ್ಯವಾಯಿತು. ಮೇಜಿನ ಮೇಲೆ ಮಲಗಿಸಿದ ಮೇಲೆ ರಕ್ತ ಹೋಗಿದ್ದರೆ? ಕುಮಟೆ, ಹೊನ್ನಾವರ, ಭಟ್ಕಳದವರಿಗೆ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೈಮೀರಿದರೆ ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದನ್ನು ನಾವು ಮರೆತಿಲ್ಲ. ದೊಡ್ಡಾಸ್ಪತ್ರೆ ದೂರವಿರುವ ಊರಿನಲ್ಲಿ ಮೊದಲೇ ತಿಳಿದುಕೊಳ್ಳುವುದಕ್ಕೆ ಬೆಲೆ ಹೆಚ್ಚು.

ಹಾಗಾದರೆ ಪರೀಕ್ಷೆ ಬೇಕೋ ಬೇಡವೋ? ಯೋಚಿಸಿದಷ್ಟೂ ಪ್ರಶ್ನೆಯೇ ಸರಿಯಿಲ್ಲ ಎನಿಸುತ್ತದೆ. ಪರೀಕ್ಷೆಯೂ ಒಂದು ಪ್ರಶ್ನೆಯೇ. ಉತ್ತರ ಕೇಳುವ ಮನಸ್ಸಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು. ರಿಜಿಸ್ಟರಿನಲ್ಲಿ ಅಂಕ ತುಂಬಬೇಕೆಂದೇ ಕಿರುಪರೀಕ್ಷೆ ಕೊಟ್ಟು, ಪೇಪರು ಸರಿಯಾಗಿ ಓದದೆ ಗೀಚಿದ ದಿನಗಳು ನನಗೂ ಇವೆ. ಆಯಿಯ ಲಕೋಟೆ ಅಂಥದು.

ಇನ್ನೊಂದು ಮಾತು ನಮಗೇ ಸೇರಿದ್ದು. ನೋವು ನುಂಗುವುದನ್ನು ನಾವು ಸಹನೆ ಎನ್ನುತ್ತೇವೆ, ಒಳ್ಳೆಯ ಹೆಂಗಸಿನ ಗುಣ ಎನ್ನುತ್ತೇವೆ. ಆದರೆ ಕತ್ತಿ ಹಿಡಿಯುವವರಿಂದ ಮುಚ್ಚಿಟ್ಟದ್ದು ಸಹನೆಯಾಗುವುದಿಲ್ಲ. ನಮ್ಮ ಜೀವದ ಹೊಣೆಯನ್ನು ಅವರ ಕೈಗೆ ಕೊಟ್ಟು, ಸತ್ಯವನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡಂತೆ. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಜನ ‘ಎಂತದೂ ಇಲ್ಲ’ ಎಂದಿರಬಹುದು!

ತಪ್ಪೆಲ್ಲ ನಮ್ಮದೇ ಎಂದೂ ನಾನು ಹೇಳಲಾರೆ. ಎರಡು ನಿಮಿಷದಲ್ಲಿ, ಗಂಡಸರ ಎದುರು ಕೇಳಿದರೆ ಯಾವ ಹೆಂಗಸು ಬಾಯಿ ಬಿಟ್ಟಾಳು? ಬಾಯಿ ಹೇಳದ್ದನ್ನು ಅಂದು ನನ್ನ ರಕ್ತ ಹೇಳಿತು. ಅದಕ್ಕೆ ನಾನು ಋಣಿ. ಆದರೂ ಅದು ಮಾತಿಗೆ ಬದಲಿಯಾಗಬಾರದು.

ಈಚೆಗೆ ಆಯಿಯ ಇನ್ನೊಂದು ಕಣ್ಣನ್ನು ಬೇರೆ ಕಡೆ ತೋರಿಸಿದೆವು. ಅಲ್ಲಿಯ ಹುಡುಗ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, ಯಾವ ಗುಳಿಗೆ, ಎಷ್ಟು ದೂರ ನಡೀತೀರಿ, ರಾತ್ರಿ ಉಸಿರು ಕಟ್ಟುತ್ತದೆಯೇ ಎಂದು ಹತ್ತು ನಿಮಿಷ ಕೇಳಿದರು. ಬಿಪಿ, ಸಕ್ಕರೆ ನೋಡಿ ಸಾಕೆಂದರು. ಹೊರಗೆ ಬಂದ ಆಯಿ, “ಇವ ನನ್ನ ಮಾತು ಕೇಳ್ದ” ಎಂದಳು.

ಪಕ್ಕದಲ್ಲಿದ್ದ ಮೈದುನನನ್ನು ಆ ದಿನ ನಾನು ಚಹಾ ಕುಡಿದು ಬಾ ಎಂದು ಮೊದಲೇ ಹೊರಗೆ ಕಳಿಸಿದ್ದೆ.