ಋಣವೂ ದೋಷವೂ

ಒಂದೇ ಛಾವಣಿಯ ಕೆಳಗೆ ಹತ್ತಾರು ಸಂಸಾರಗಳು ವಾಸಮಾಡುವ ರೀತಿಯು ನಮ್ಮ ಪಟ್ಟಣಗಳಲ್ಲಿ ಈಗ ಸಾಮಾನ್ಯವಾಗಿದೆ. ಫ್ಲ್ಯಾಟಿನ ಒಡೆಯನಿಗೆ ಮನೆಯ ಒಳಭಾಗವು ಸ್ವಂತ. ಮೆಟ್ಟಿಲು, ಲಿಫ್ಟು, ನೀರಿನ ಸಂಪು, ಛಾವಣಿ, ಅಡಿಯ ನೆಲ ಇವು ಎಲ್ಲರಿಗೂ ಸೇರಿದವು. ಇವುಗಳ ಪಾಲನೆಗಾಗಿ ತಿಂಗಳು ತಿಂಗಳೂ ಕೊಡತಕ್ಕ ವಂತಿಗೆಗೆ ಮೇಂಟೆನೆನ್ಸ್ ಎಂದು ಹೆಸರು. ಇದರಿಂದ ಹುಟ್ಟುವ ಜಗಳಗಳು ಅಲ್ಪವೆಂದು ತೋರಬಹುದು. ಆದರೆ ಅವುಗಳಲ್ಲೊಂದು ಬಹಳ ಹಳೆಯದಾದ ಧರ್ಮಪ್ರಶ್ನೆಯನ್ನೇ ಎತ್ತುತ್ತದೆ: ಒಬ್ಬನು ಉಳಿಸಿದ ಬಾಕಿಯನ್ನು ಮತ್ತೊಬ್ಬನು ಏಕೆ ತೀರಿಸಬೇಕು?

ವಿಷಯವು ಸ್ಪಷ್ಟವಾಗುವಂತೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. 37 ಮನೆಗಳ ಒಂದು ಕಟ್ಟಡ. ಮನೆಯೊಂದಕ್ಕೆ ತಿಂಗಳಿಗೆ 3,000 ರೂಪಾಯಿ ವಂತಿಗೆ. ವೃದ್ಧ ಗೃಹಸ್ಥರೊಬ್ಬರು ಎರಡು ವರ್ಷಗಳ ಹಣವನ್ನು ಕೊಡದೆ ತೀರಿಕೊಂಡರು. ಅಸಲು ಬಾಕಿ 72,000; ತಡಮಾಡಿದ್ದಕ್ಕೆ ಸಂಘವು ಹಾಕಿದ ದಂಡ 28,000. ಪರಸ್ಥಳದಲ್ಲಿರುವ ಮಗಳು ಮನೆಯ ಬೀಗ ತೆಗೆಯಲು ಬಂದಾಗ ಒಂದು ಲಕ್ಷ ರೂಪಾಯಿಯ ಲೆಕ್ಕವು ಅವಳ ಕೈಗೆ ಬರುತ್ತದೆ. ನೋಟೀಸು ಹಲಗೆಯಲ್ಲಿ ತಂದೆಯ ಹೆಸರು ಕಾಣುತ್ತದೆ. “ನಾನು ಇಲ್ಲಿ ಒಂದು ದಿನವೂ ವಾಸಮಾಡಿದವಳಲ್ಲ, ಇದು ನನ್ನ ಸಾಲ ಹೇಗಾದೀತು?” ಎಂದು ಆಕೆ ಕೇಳುತ್ತಾಳೆ. “ಮನೆ ಬೇಕು, ಬಾಕಿ ಬೇಡವೆಂದರೆ ಹೇಗಮ್ಮಾ?” ಎಂದು ಸಂಘದವರು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ನ್ಯಾಯದ ಅಂಶವಿದೆ.

ಮೊದಲು ಸಂಘದವರ ಪಕ್ಷವನ್ನು ನೋಡೋಣ. ಇಲ್ಲಿ ಸಾಲಕೊಟ್ಟವನು ಬಡ್ಡಿಯಾಸೆಯ ಸಾಹುಕಾರನಲ್ಲ, ನೆರೆಯವನು. ಒಬ್ಬರು ಹಣ ಕೊಡಲಿಲ್ಲವೆಂದು ಪಂಪು ನಿಲ್ಲಲಿಲ್ಲ, ಕಾವಲುಗಾರನ ಸಂಬಳವು ತಪ್ಪಲಿಲ್ಲ. ಹಾಗಾದರೆ ಆ 72,000 ರೂಪಾಯಿ ಎಲ್ಲಿಂದ ಬಂದಿತು? ಮಿಕ್ಕ 36 ಮನೆಯವರು ತಲಾ 2,000 ರೂಪಾಯಿ ಹೆಚ್ಚಾಗಿ ತೆತ್ತಂತಾಯಿತು. ಅವರಲ್ಲಿ ಪಿಂಚಣಿಯಿಂದಲೇ ಕಾಲಕಳೆಯುವವರೂ ಇರಬಹುದು. ಬೀಗ ಹಾಕಿದ ಮನೆಯೂ ಛಾವಣಿಯ ಆಶ್ರಯದಿಂದ ಹೊರಗಿಲ್ಲ. ಅದರ ಬೆಲೆಯನ್ನು ಕಾಪಾಡಿದ್ದು ನೆರೆಯವರ ಹಣವೇ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು, ಸಾಮಾನ್ಯ ಭಾಗಗಳನ್ನು ನಾನು ಉಪಯೋಗಿಸುವುದಿಲ್ಲವೆಂದು ಹೇಳಿ ಯಾವ ಒಡೆಯನೂ ವಂತಿಗೆಯನ್ನು ತಪ್ಪಿಸಿಕೊಳ್ಳಕೂಡದೆಂದು ವಿಧಿಸಿದ್ದು ಈ ತತ್ವದಿಂದಲೇ.

ಇನ್ನು ಮಗಳ ಪಕ್ಷ. ಇದನ್ನು ವಿಚಾರಿಸಲು ನಮ್ಮ ನಾಡಿನಲ್ಲಿಯೇ ಹುಟ್ಟಿದ ಗ್ರಂಥವೊಂದು ನೆರವಾಗುತ್ತದೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಋಣವಿಚಾರವು ವಿಸ್ತಾರವಾಗಿದೆ. ಅಲ್ಲಿ ಸಾಲದ ಹೊಣೆಗೆ ಎರಡು ಬೇರುಗಳು ಕಾಣುತ್ತವೆ. ಸತ್ತವನ ಆಸ್ತಿಯನ್ನು, ಎಂದರೆ ರಿಕ್ಥವನ್ನು, ತೆಗೆದುಕೊಂಡವನು ಸಾಲವನ್ನೂ ತೀರಿಸಬೇಕೆಂಬುದು ಒಂದು. ಆಸ್ತಿ ಇರಲಿ ಇಲ್ಲದಿರಲಿ, ತಂದೆಯನ್ನು ಋಣಮುಕ್ತನನ್ನಾಗಿ ಮಾಡುವುದು ಮಗನ ಧರ್ಮವೆಂಬುದು ಮತ್ತೊಂದು. ಈಗಿನ ನ್ಯಾಯವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿದೆ. ಸತ್ತವನ ಮೇಲಿನ ಡಿಕ್ರಿಗೆ ವಾರಸುದಾರನು ತನ್ನ ಕೈಗೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ ಹೊಣೆಗಾರನೆಂದು 1908ರ ಸಿವಿಲ್ ಪ್ರೊಸೀಜರ್ ಕೋಡು ಹೇಳುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಆದ ತಿದ್ದುಪಡಿಯು, ಅಲ್ಲಿಂದ ಮುಂದಿನ ಸಾಲಗಳಿಗೆ ಪುತ್ರಧರ್ಮವೊಂದನ್ನೇ ಆಧಾರಮಾಡಿಕೊಂಡು ಮಗನನ್ನು ಹಿಡಿಯಕೂಡದೆಂದು ಗೊತ್ತುಮಾಡಿತು. ಆದುದರಿಂದ ನಮ್ಮ ದೃಷ್ಟಾಂತದ ಮಗಳು ಹೊಣೆಗಾರಳಾಗುವುದು ಮಗಳೆಂಬ ಕಾರಣದಿಂದಲ್ಲ, ಮನೆಯನ್ನು ಪಡೆದಳೆಂಬ ಕಾರಣದಿಂದ.

ಆದರೆ ಆ ಹಳೆಯ ಸ್ಮೃತಿಯೇ ಮತ್ತೊಂದು ಸೂಕ್ಷ್ಮವನ್ನು ಹೇಳುತ್ತದೆ. ಕುಡಿತ, ಕಾಮ, ಜೂಜು ಇವುಗಳಿಗಾಗಿ ತಂದೆಯು ಮಾಡಿದ ಸಾಲವನ್ನು ಮಗನು ಕೊಡಬೇಕಾದುದಿಲ್ಲ. ತಂದೆಯು ತೆರದೆ ಉಳಿಸಿದ ದಂಡವನ್ನೂ ಕೊಡಬೇಕಾದುದಿಲ್ಲ. ನಮ್ಮ ಪ್ರಶ್ನೆಗೆ ಬೇಕಾದ ವಿವೇಕವು ಇಲ್ಲಿದೆ. ವಂತಿಗೆಯು ಪಡೆದ ಪ್ರಯೋಜನದ ಬೆಲೆ. ಆ ಪ್ರಯೋಜನವು ಮನೆಯಲ್ಲಿ ನಿಂತಿದೆ, ಮನೆಯೊಡನೆ ಕೈಬದಲಾಗುತ್ತದೆ. ದಂಡವಾದರೋ ಒಬ್ಬ ವ್ಯಕ್ತಿಯ ತಪ್ಪಿಗೆ ಕೊಟ್ಟ ಉತ್ತರ. ಆ ವ್ಯಕ್ತಿಯು ಹೋದಮೇಲೆ ಅದು ತಗಲತಕ್ಕ ಸ್ಥಳವೇ ಇಲ್ಲ. ಹಾಗಾದರೆ ನೆರೆಯವರ ಹಣವು ಎರಡು ವರ್ಷ ಸಿಕ್ಕಿಬಿದ್ದುದಕ್ಕೆ ಪರಿಹಾರವೇನು ಎಂದು ಕೇಳಬಹುದು. ಮಿತವಾದ ಬಡ್ಡಿಯನ್ನು ಕೇಳಲಿ. ಅದು ನಷ್ಟದ ಭರ್ತಿಯೇ ಹೊರತು ಶಿಕ್ಷೆಯಲ್ಲ. ದಂಡವನ್ನು ಬಿಟ್ಟರೆ ಶಿಸ್ತು ಕೆಡುವುದೆಂಬ ಆಕ್ಷೇಪಣೆಯೂ ನಿಲ್ಲುವುದಿಲ್ಲ. ದಂಡವನ್ನು ತಪ್ಪಿಸಿಕೊಳ್ಳಲು ಯಾರೂ ಸಾಯುವುದಿಲ್ಲ. ಲೆಕ್ಕವು ಕೈಗೆ ಬಂದಮೇಲೆ ಮಗಳು ತಾನೇ ತಡಮಾಡಿದರೆ ಆ ತಪ್ಪು ಅವಳದೇ.

ಸಂಘಕ್ಕೂ ಒಂದು ಧರ್ಮವುಂಟು. ಮೇಲೆ ಹೇಳಿದ 1972ರ ಕಾಯಿದೆಯು ಮನೆಯನ್ನು ಕೊಂಡವನನ್ನು ಮಾರಿದವನ ಹಳೆಯ ಬಾಕಿಗೆ ಜೊತೆ ಹೊಣೆಗಾರನನ್ನಾಗಿ ಮಾಡಿತು. ಆದರೆ ಬಾಕಿಯ ವಿವರಪತ್ರವನ್ನು ಸಂಘದಿಂದ ಕೇಳಿ ಪಡೆಯುವ ಹಕ್ಕನ್ನೂ ಅವನಿಗೆ ಕೊಟ್ಟು, ಅದರಲ್ಲಿ ಕಾಣಿಸಿದ್ದಕ್ಕಿಂತ ಹೆಚ್ಚಿಗೆ ಅವನು ಹೊಣೆಯಲ್ಲವೆಂದು ಹೇಳಿತು. ತಿಳಿಸದೆ ಇಟ್ಟ ಲೆಕ್ಕದಿಂದ ಯಾರನ್ನೂ ಕಟ್ಟಿಹಾಕಬಾರದೆಂಬುದು ಇದರ ತಾತ್ಪರ್ಯ. ಎರಡು ವರ್ಷ ಸುಮ್ಮನಿದ್ದು, ಸಾವಾದ ಮನೆಯ ಬಾಗಿಲಲ್ಲಿ ಲೆಕ್ಕದ ಪುಸ್ತಕವನ್ನು ಬಿಚ್ಚುವ ಸಂಘವು ತನ್ನ ಕರ್ತವ್ಯದಲ್ಲಿ ತಪ್ಪಿದಂತೆಯೇ. ಆಗಾಗ್ಗೆ ಬಾಗಿಲು ತಟ್ಟಿ ವಿಚಾರಿಸಿದ್ದರೆ, ಆ ವೃದ್ಧರ ಬಾಕಿಗೆ ಕಾರಣವು ಮೊಂಡುತನವೋ, ರೋಗವೋ, ಬಡತನವೋ ತಿಳಿಯುತ್ತಿತ್ತು.

ಕೆಲವೆಡೆ ಇಷ್ಟಕ್ಕೆ ನಿಲ್ಲದೆ ನೀರನ್ನು ನಿಲ್ಲಿಸುವುದು, ಹೆಸರನ್ನು ಹಲಗೆಗೆ ಅಂಟಿಸುವುದು ಮುಂತಾದ ಉಪಾಯಗಳನ್ನು ಹಿಡಿಯುವುದುಂಟು. ಇವು ಹಣವನ್ನು ಕೇಳುವ ರೀತಿಯಲ್ಲ, ಅವಮಾನವನ್ನು ವಸೂಲುಮಾಡುವ ರೀತಿ. ಹಣವು ಬಂದರೂ ಅದರಿಂದಾದ ಮನಸ್ಸಿನ ಗಾಯವು ಮಾಯುವುದಿಲ್ಲ. ಮೆಟ್ಟಿಲಿನ ಮೇಲೆ ಎದುರಾದವರು ಮುಖ ತಿರುಗಿಸುತ್ತಲೇ ಬಾಳಬೇಕಾಗುತ್ತದೆ.

ಆದುದರಿಂದ ಮಗಳು ಅಸಲನ್ನೂ ನ್ಯಾಯವಾದ ಬಡ್ಡಿಯನ್ನೂ ಅಸಮಾಧಾನವಿಲ್ಲದೆ ಕೊಡತಕ್ಕದ್ದು. ಸಂಘವು ದಂಡವನ್ನು ಬಿಟ್ಟು, ಹಲಗೆಯಿಂದ ಆ ಹೆಸರನ್ನು ತೆಗೆಯತಕ್ಕದ್ದು. ಋಣವು ಸ್ವತ್ತನ್ನು ಅನುಸರಿಸಿ ಬರುವುದು ನ್ಯಾಯ. ದೋಷವು ರಕ್ತವನ್ನು ಅನುಸರಿಸಿ ಬರುವುದು ನ್ಯಾಯವಲ್ಲ. ಈ ಎರಡನ್ನು ಬೇರೆಬೇರೆಯಾಗಿ ಎಣಿಸಬಲ್ಲ ಕಡೆ ಒಂದೇ ಛಾವಣಿಯ ಕೆಳಗಿನ ಬಾಳು ದುಸ್ಸಹವಾಗದು.