ವೈದ್ಯವಿದ್ಯಾಲಯದ ಆಯ್ಕೆಯಲ್ಲಿ ಧರ್ಮಾಧರ್ಮ ವಿಚಾರ

ಮಕ್ಕಳು ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಅಭಿಲಾಷೆಯು ಇಂದು ಅನೇಕ ಗೃಹಗಳಲ್ಲಿ ಕಂಡುಬರುವುದು. ನೀಟ್ ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ, ಯಾವ ಕಾಲೇಜನ್ನು ಆರಿಸಿಕೊಳ್ಳತಕ್ಕುದೆಂಬ ಚರ್ಚೆ ಮೊದಲಾಗುತ್ತದೆ. ಶುಲ್ಕವೆಷ್ಟು, ಊರು ಎಂತಹದು, ಮುಂದೆ ಸಂಪಾದನೆ ಹೇಗೆ ಎಂಬಿವೇ ಆ ಚರ್ಚೆಯ ವಿಷಯಗಳು. ಇವು ಅನಾವಶ್ಯಕವೆಂದು ಯಾರೂ ಹೇಳಲಾರರು. ಆದರೆ ಈ ಆಯ್ಕೆಗೆ ತಂದೆತಾಯಿಗಳೂ ವಿದ್ಯಾರ್ಥಿಯೂ ಅಲ್ಲದೆ ಮೂರನೆಯ ಸಂಬಂಧಿಯೊಬ್ಬನುಂಟು. ಅವನೇ ಮುಂದೆ ಬರಲಿರುವ ರೋಗಿ. ಚರ್ಚೆಯಲ್ಲಿ ಅವನು ಇರುವುದಿಲ್ಲ. ಅದರ ಫಲವನ್ನು ಮಾತ್ರ ಅವನು ದೇಹದಲ್ಲಿ ಅನುಭವಿಸಬೇಕು.

ಪ್ರಾಚೀನರು ಈ ವಿಷಯವನ್ನು ಅಲಕ್ಷಿಸಿರಲಿಲ್ಲ. ವೈದ್ಯನಾಗಬಯಸುವವನು ಮೊದಲು ಶಾಸ್ತ್ರವನ್ನೂ ಬಳಿಕ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವಿಧಿಸಿದೆ. ಆಚಾರ್ಯನು ಪಂಡಿತನಾದರೆ ಸಾಲದು. ಚಿಕಿತ್ಸಾಕರ್ಮವನ್ನು ಕಂಡವನೂ ಉಪಕರಣಸಂಪನ್ನನೂ ಶುಚಿಯೂ ಆಗಿರಬೇಕು. ಶಾಸ್ತ್ರ, ಕರ್ಮ ಇವೆರಡರಲ್ಲಿ ಒಂದನ್ನೇ ಬಲ್ಲ ವೈದ್ಯನನ್ನು ಸುಶ್ರುತಸಂಹಿತೆಯು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿರುವುದು.

ಈ ಮಾನದಂಡವು ಇಂದಿಗೂ ಸಲ್ಲುವುದು. ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷ. ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಅಭ್ಯಾಸ. ಹಾಸಿಗೆಗಳು ಬರಿದಾಗಿರುವ ಆಸ್ಪತ್ರೆಯಲ್ಲಿ ಈ ಕಾಲವನ್ನು ಕಳೆದವನಿಗೆ ಪದವಿಯು ದೊರೆತೀತು, ಎರಡನೆಯ ರೆಕ್ಕೆಯು ದೊರೆಯದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿಗೆ ಕೃಷ್ಣರಾಜೇಂದ್ರ ಆಸ್ಪತ್ರೆಯೂ, ಬೆಂಗಳೂರು ಮೆಡಿಕಲ್ ಕಾಲೇಜಿಗೆ ವಿಕ್ಟೋರಿಯಾ ಆಸ್ಪತ್ರೆಯೂ ಇರುವುದು ಕೇವಲ ಅಲಂಕಾರಕ್ಕಲ್ಲ. ಅಲ್ಲಿಗೆ ಬರುವ ಬಡ ರೋಗಿಗಳು ತಮ್ಮ ನೋವನ್ನೇ ಪಾಠವಾಗಿ ಒಡ್ಡಿ ವಿದ್ಯಾರ್ಥಿಗೆ ಕಲಿಸುವರು. ಅದು ಯಾವ ಶುಲ್ಕದಿಂದಲೂ ತೀರದ ಋಣ.

ಇನ್ನು ಹಣದ ವಿಚಾರ. ಕರ್ನಾಟಕದಲ್ಲಿ 1984ರ ಶಾಸನವು ಕಾಲೇಜುಗಳು ಪಡೆಯುವ ಕ್ಯಾಪಿಟೇಷನ್ ವಂತಿಗೆಯನ್ನು ನಿಷೇಧಿಸಿತು. ನ್ಯಾಯವಾದ ಶುಲ್ಕವೂ ಕೆಲವೆಡೆ ಗೃಹಸ್ಥನ ಶಕ್ತಿಯನ್ನು ಮೀರುವುದುಂಟು. ಹೊಲವನ್ನು ಮಾರಿ ಓದಿಸಿದ ತಂದೆಯು, ವ್ಯಯಿಸಿದ ಹಣವು ಹಿಂದಿರುಗಬೇಕೆಂದು ಬಯಸುವುದು ತಪ್ಪೇ ಎಂದು ಕೇಳಬಹುದು. ಬಯಕೆಯು ಸಹಜವೇ. ಆದರೆ ಹಿಂದಿರುಗುವ ಹಣವು ಬರುವುದೆಲ್ಲಿಂದ? ಸಾಲದ ಭಾರದಿಂದ ಬಗ್ಗಿದ ತರುಣ ವೈದ್ಯನಿಗೆ, ಅವಶ್ಯವಲ್ಲದ ಪರೀಕ್ಷೆಯೂ ಅವಶ್ಯವೆಂದು ತೋರುವ ಅಪಾಯವುಂಟು. ಎಲ್ಲರೂ ಹಾಗೆ ಕೆಡುವರೆಂದಲ್ಲ. ಅನೇಕರು ದೃಢರಾಗಿ ನಿಲ್ಲುವರು. ಆದರೂ ಮಗನನ್ನು ಅಂತಹ ಪರೀಕ್ಷೆಗೆ ತಿಳಿದೂ ತಿಳಿದೂ ಒಡ್ಡುವುದು ತಂದೆಗೆ ಉಚಿತವಲ್ಲ.

ಹಾಗಾದರೆ ಸ್ಥಾನ ದೊರೆಯದವರ ಗತಿಯೇನು? ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕಸಂಹಿತೆಯು ಹೇಳಿದೆ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಕಲಿತು ರಾತ್ರಿಯೆಲ್ಲ ರೋಗಿಯ ಬಳಿ ಎಚ್ಚತ್ತಿರುವವಳು ಆ ಪಾದಗಳಲ್ಲಿ ಒಂದು. ಔಷಧಶಾಸ್ತ್ರವನ್ನು ಕಲಿತವನು ಇನ್ನೊಂದಕ್ಕೆ ಆಧಾರ. ಇವನ್ನು ಕೀಳೆಂದೆಣಿಸಿ ಶಕ್ತಿಮೀರಿದ ಸಾಲಕ್ಕೆ ಕೈಯೊಡ್ಡುವುದು ಪ್ರತಿಷ್ಠೆಗಾಗಿಯೇ ಹೊರತು ವಿದ್ಯೆಗಾಗಿ ಅಲ್ಲ.

ಆದುದರಿಂದ ಕಾಲೇಜನ್ನು ನಿಶ್ಚಯಿಸುವ ಮುನ್ನ ತಂದೆಯೂ ಮಕ್ಕಳೂ ಒಂದು ಬೆಳಗ್ಗೆ ಅದರ ಆಸ್ಪತ್ರೆಯ ಹೊರರೋಗಿಗಳ ವಿಭಾಗಕ್ಕೆ ಹೋಗಿ ನೋಡುವುದು ಲೇಸು. ರೋಗಿಗಳು ಬರುವರೇ, ಅಧ್ಯಾಪಕರು ಅವರ ಬಳಿ ನಿಲ್ಲುವರೇ, ಬಡವನೊಡನೆ ಮೃದುವಾಗಿ ನುಡಿಯುವರೇ ಎಂಬುದನ್ನು ಕಂಡು, ತಾನೇ ಅಲ್ಲಿ ರೋಗಿಯಾಗಿ ಮಲಗಿದ್ದರೆ ಅಲ್ಲಿ ಕಲಿತವನ ಕೈಗೆ ದೇಹವನ್ನು ಒಪ್ಪಿಸುವೆನೇ ಎಂದು ತಂದೆಯು ತನ್ನನ್ನೇ ಕೇಳಿಕೊಳ್ಳಲಿ. ಶುಲ್ಕದ ಲೆಕ್ಕವನ್ನು ಆಮೇಲೆ ಮಾಡಬಹುದು.