ಅಂಗೈಯಲ್ಲಿರುವಾಗಲೇ ಕಡಲಿನ ಲೆಕ್ಕ

ಈಗ ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳಲ್ಲೂ ನೆಂಟರ ಮನೆಗೆ ಹೋದರೆ ಹಜಾರದಲ್ಲಿ, ಟಿವಿಯ ಪಕ್ಕದಲ್ಲಿ ಗಾಜಿನ ಮೀನುತೊಟ್ಟಿ ಕಂಡೀತು. ಹಿಂದೆ ಅದರಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಓಡಾಡುತ್ತಿದ್ದವು. ಇಂದಿನ ಹುಡುಗರ ಮನಸ್ಸು ‘ಮಾನ್‌ಸ್ಟರ್ ಫಿಶ್’ ಕಡೆಗೆ ವಾಲಿದೆ: ಆಸ್ಕರ್, ಅರೋವಾನಾ, ರೆಡ್‌ಟೇಲ್ ಕ್ಯಾಟ್‌ಫಿಶ್, ಮೊಸಳೆಮೂತಿಯ ಅಲಿಗೇಟರ್ ಗಾರ್. ಎಲ್ಲವೂ ಬೇರೆ ಜೀವಿಗಳನ್ನು ಹಿಡಿದು ತಿಂದು ಬದುಕುವ ಸಿಹಿನೀರಿನ ಮೀನುಗಳು. ಈ ಆಸೆಯಲ್ಲಿ ತಪ್ಪೇನಿಲ್ಲ. ಮೊಬೈಲನ್ನು ಬದಿಗಿಟ್ಟು ಅರ್ಧ ಗಂಟೆ ಒಂದು ಮೀನನ್ನು ದಿಟ್ಟಿಸುತ್ತ ಕೂರುವ ಮಗುವನ್ನು ಕಂಡರೆ ಯಾರಿಗೂ ಸಂತೋಷವೇ. ಆದರೆ ಅಂಗಡಿಯಲ್ಲಿ ಸಿಗುವುದು ಮರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುವ ರೆಡ್‌ಟೇಲ್ ಮರಿ ಬೆರಳುದ್ದ ಇರುತ್ತದೆ. ಕಪ್ಪು ಬೆನ್ನು, ಪಕ್ಕೆಗೆ ಬೆಳ್ಳನೆಯ ಪಟ್ಟಿ, ಕಿತ್ತಳೆ ಬಣ್ಣದ ಬಾಲ, ಬಾಯ ಸುತ್ತ ಆರು ಮೀಸೆ. ನೋಡಿದರೆ ಎತ್ತಿಕೊಳ್ಳಬೇಕೆನ್ನಿಸುವಷ್ಟು ಮುದ್ದು. ಅದೇ ಮರಿ ಚೆನ್ನಾಗಿ ತಿಂದರೆ ವರ್ಷದೊಳಗೆ ಒಂದಡಿ ದಾಟುತ್ತದೆ. ಅಮೆಜಾನ್ ನದಿಯಲ್ಲಿ ನಾಲ್ಕಡಿ ಮೀರಿ ಬೆಳೆಯುವ ಜೀವ ಅದು. ಅಮೆರಿಕದ ಮಿಸಿಸಿಪ್ಪಿ ನದಿಯ ಅಲಿಗೇಟರ್ ಗಾರ್ ಆರಡಿಯನ್ನೂ ಮೀರುತ್ತದೆ, 50 ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು. ಕೊಂಡು ತಂದ ಹುಡುಗನಿಗೆ ಮೊಮ್ಮಕ್ಕಳಾಗುವ ಹೊತ್ತಿಗೂ ಅದಕ್ಕೆ ಊಟ ಬೇಕು, ಜಾಗ ಬೇಕು, ನೀರು ಬೇಕು.

ಈ ನೀರಿನ ಮಾತು ನಮ್ಮ ಗಡಿಸೀಮೆಯ ಸಂಸಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ನೆಲವಿದು. ಟ್ಯಾಂಕರ್ ಬರುವ ದಿನ ಬಿಂದಿಗೆಗಳನ್ನು ಸಾಲಾಗಿ ಇಟ್ಟು ಕಾದವರು ನಾವು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 250 ಲೀಟರ್. ಮೀನು ಕಿವಿರುಗಳಿಂದ ಬಿಡುವ ಅಮೋನಿಯಾ ಅದಕ್ಕೇ ವಿಷ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಉಳಿದ ನೈಟ್ರೇಟನ್ನು ಹೊರಹಾಕಲು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು, ಅಂದರೆ ನಾಲ್ಕೈದು ಬಿಂದಿಗೆ. ಮಾಂಸಾಹಾರಿ ದೊಡ್ಡ ಮೀನು ಹೆಚ್ಚು ತಿನ್ನುತ್ತದೆ, ಹೆಚ್ಚು ಹೊಲಸು ಮಾಡುತ್ತದೆ. ಅದಕ್ಕೆ ಅಷ್ಟು ಸಾಲದು. ಬೆಳೆದ ರೆಡ್‌ಟೇಲ್ ಮೈ ತಿರುಗಿಸಿ ಈಜಬೇಕಾದರೆ 12 ಅಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳದ ಕೊಳವಾದರೂ ಬೇಕು ಎಂದಿಟ್ಟುಕೊಳ್ಳಿ. ಅದರಲ್ಲಿ 8,000 ಲೀಟರಿಗೂ ಹೆಚ್ಚು ನೀರು. 5,000 ಲೀಟರಿನ ಒಂದು ಟ್ಯಾಂಕರ್ ಪೂರ್ತಿ ಸುರಿದರೂ ತುಂಬುವುದಿಲ್ಲ. ಇಷ್ಟು ಅನುಕೂಲವಿಲ್ಲದ ಮನೆಯಲ್ಲಿ ಏನಾಗುತ್ತದೆಂದು ಸಾಕಿದವರಿಗೆ ಗೊತ್ತು. ಜೊತೆಗಿದ್ದ ಸಣ್ಣ ಮೀನುಗಳು ರಾತ್ರೋರಾತ್ರಿ ಮಾಯವಾಗುತ್ತವೆ. ಗಾರ್ ತಿರುಗಲು ಹೋದಾಗಲೆಲ್ಲ ಗಾಜಿಗೆ ತಾಗುವ ಮೂತಿಗೆ ಗಾಯವಾಗುತ್ತದೆ, ಬೆನ್ನು ಡೊಂಕಾಗುತ್ತದೆ.

ಆಗ ಮನೆಯಲ್ಲೊಂದು ಮಾತು ಏಳುತ್ತದೆ: ಪಾಪ, ಹತ್ತಿರದ ಕೆರೆಗೆ ಬಿಟ್ಟುಬಿಡೋಣ, ಬದುಕಿಕೊಳ್ಳಲಿ. ಮಾತು ದಯೆಯದೇ. ಆದರೆ ಕೆರೆಯಲ್ಲಿ ಆಗಲೇ ಸಂಸಾರ ಹೂಡಿದವರಿದ್ದಾರೆ. ನಮ್ಮ ಕೊರವ ಮೀನನ್ನೇ ನೋಡಿ. ಅದೂ ಬೇಟೆಗಾರನೇ, ಆದರೂ ಕೆರೆ ಬತ್ತುವಾಗ ಕೆಸರಿನಲ್ಲಿ ಉಳಿದು ಗಾಳಿಯನ್ನೇ ಉಸಿರಾಡುತ್ತ, ನೀರಿದ್ದಾಗ ತನ್ನ ಮರಿಗಳ ಹಿಂಡನ್ನು ಕಾಯುತ್ತ, ಈ ಒಣಸೀಮೆಯ ಕೆರೆಗೆ ತಲತಲಾಂತರದಿಂದ ಹೊಂದಿಕೊಂಡಿದೆ. ಹೊರಗಿನಿಂದ ಬಂದ ಗಾರ್, ಅಮೆಜಾನಿನ ದೈತ್ಯ ಮೀನು ಅರಪೈಮಾ ಎರಡೂ ಗಾಳಿ ಉಸಿರಾಡಬಲ್ಲವು. ಬೇಸಿಗೆಯ ಕೆಟ್ಟ ನೀರಿನಲ್ಲೂ ಉಳಿದು ಕೆರೆಯ ಸಣ್ಣ ಮೀನುಗಳನ್ನೆಲ್ಲ ತಿನ್ನಬಲ್ಲವು. 2018ರ ಮಹಾಪೂರದ ನಂತರ ಕೇರಳದ ನದಿಗಳಲ್ಲಿ ಬಲೆಗೆ ಅರಪೈಮಾ ಬಿದ್ದಿತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ನಮ್ಮಲ್ಲಿ ನೀರೇ ಇಲ್ಲವಲ್ಲ ಎಂದು ಸಮಾಧಾನ ಪಡುವಂತೆಯೂ ಇಲ್ಲ. 1933ರ ನಂತರ ಕೋಡಿ ಕಾಣದಿದ್ದ ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಆ ವೇದಾವತಿಯೇ ಕೆಳಗೆ ಹರಿದು ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತದೆ, ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಬರುವ ಪಿನಾಕಿನಿ ನೆಲ್ಲೂರಿನವರೆಗೂ ಹೋಗುತ್ತದೆ. ಒಂದು ಊರಿನ ಕೆರೆಗೆ ಬಿಟ್ಟದ್ದು ಒಂದೇ ಮಳೆಗೆ ಹತ್ತು ಊರಿನದಾಗುತ್ತದೆ. ಆ ಕೆರೆಗಳಲ್ಲಿ ಬಲೆ ಬೀಸಿ ಹೊಟ್ಟೆ ಹೊರೆಯುವವರ ಮನೆಗಳೂ ಇವೆ.

ಮೀನು ಸಾಕಿದವರಲ್ಲಿ ನಮಗೆ ಆದ್ಯನೆಂದರೆ ಮನು. ಶತಪಥ ಬ್ರಾಹ್ಮಣದಲ್ಲಿ ಆ ಕತೆಯಿದೆ. ಬೆಳಿಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಪುಟ್ಟ ಮೀನೊಂದು ಅವನ ಕೈಗೆ ಸಿಕ್ಕಿತು. ದೊಡ್ಡ ಮೀನುಗಳ ಬಾಯಿಗೆ ಬೀಳದಂತೆ ತನ್ನನ್ನು ಸಾಕಬೇಕೆಂದು ಬೇಡಿತು. ಈ ಕತೆಯನ್ನು ನಾವು ಪ್ರಳಯಕ್ಕಾಗಿ, ಮನುವಿನ ಹಡಗಿಗಾಗಿ ನೆನೆಯುತ್ತೇವೆ. ಅದರ ಮೊದಲ ಭಾಗದಲ್ಲೇ ಒಂದು ಗೃಹಸ್ಥಧರ್ಮ ಅಡಗಿದೆ. ಸಾಕುವುದು ಹೇಗೆಂದು ಮೀನು ಮೊದಲ ದಿನವೇ ಹೇಳಿಬಿಡುತ್ತದೆ: ಈಗ ಕೊಡದಲ್ಲಿಡು, ಕೊಡ ಸಾಲದಾದಾಗ ಹೊಂಡ ತೋಡು, ಹೊಂಡವೂ ಸಾಲದಾದಾಗ ಕಡಲಿಗೆ ಒಯ್ಯಿ. ಮೀನು ಅಂಗೈಯಲ್ಲಿರುವಾಗಲೇ ಮನುವಿಗೆ ಕಡಲಿನ ಲೆಕ್ಕ ತಿಳಿದಿತ್ತು; ತಿಳಿದೇ ಅವನು ಒಪ್ಪಿಕೊಂಡ. ಕರುಣೆ ಬೆಳೆದ ಮೀನಿನ ಮುಂದೆ ಹುಟ್ಟಿದರೆ ತಡವಾಯಿತು. ಅದು ಅಂಗಡಿಯ ಬಾಗಿಲಲ್ಲೇ ಹುಟ್ಟಬೇಕು. ನಮ್ಮ ಕೈಯಲ್ಲಿರುವ ಅಮೆಜಾನಿನ ಮರಿಗೆ ಊರ ಕೆರೆ ಕಡಲಲ್ಲ. ಅದರ ಕಡಲು ನಮ್ಮಿಂದ ಸಾವಿರಾರು ಮೈಲಿ ದೂರದಲ್ಲಿದೆ.

ಇದಕ್ಕೆ ದೊಡ್ಡ ತ್ಯಾಗವೇನೂ ಬೇಕಾಗಿಲ್ಲ. ಆಗಲೇ ಸಾಕಿದವರು ತೊಟ್ಟಿಗೆ ಭದ್ರವಾದ ಮುಚ್ಚಳ ಹಾಕಲಿ, ಮೀನು ಕೈಮೀರಿ ಬೆಳೆದಾಗ ಕೊಂಡ ಅಂಗಡಿಗೋ, ದೊಡ್ಡ ಕೊಳ ಇಟ್ಟುಕೊಂಡ ಅನುಭವಿಗಳಿಗೋ ಒಪ್ಪಿಸಲಿ, ದಾರಿ ಕಾಣದಿದ್ದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಲಿ; ಕೆರೆಗೆ ಮಾತ್ರ ಬಿಡದಿರಲಿ. ಇನ್ನೂ ಕೊಳ್ಳದವರ ಮನೆಯಲ್ಲಿ ಮಕ್ಕಳು ದೊಡ್ಡ ಮೀನು ಬೇಕೆಂದು ಹಟ ಹಿಡಿದರೆ ಗದರುವುದು ಬೇಡ. ಆ ಮೀನು ಪೂರ್ತಿ ಬೆಳೆದಾಗ ಎಷ್ಟುದ್ದ, ಎಷ್ಟು ವರ್ಷ ಬದುಕುತ್ತದೆ ಎಂದು ಅವರಿಂದಲೇ ಹುಡುಕಿಸಿ. ಟೇಪು ಕೊಟ್ಟು ಹಜಾರ ಅಳೆಯಲು ಹೇಳಿ. ವಾರದ ನೀರು ಎಷ್ಟು ಬಿಂದಿಗೆಯಾದೀತು, ಅದನ್ನು ಯಾರು ಹೊರುತ್ತಾರೆ ಎಂದೂ ಕೇಳಿ. ಲೆಕ್ಕ ಕೂಡಿದರೆ ಸಾಕಲಿ. ಕೂಡದಿದ್ದರೆ ಗಪ್ಪಿಗಳನ್ನೇ ಅಚ್ಚುಕಟ್ಟಾಗಿ ಸಾಕಲಿ. ಜೀವವೊಂದನ್ನು ಮನೆಗೆ ತರುವವರು ಅದರ ಕೊನೆಯ ದಿನದವರೆಗಿನ ಹೊಣೆಯನ್ನೂ ಹೊತ್ತು ತರಬೇಕೆಂಬ ಪಾಠವನ್ನು ಅವರು ಎರಡು ದಾರಿಯಲ್ಲೂ ಕಲಿಯುತ್ತಾರೆ.